ನೋವು ಅಂದವರನ್ನು ನಂಬು

ಶಿಡ್ಲಘಟ್ಟ

ಚಿ. ಮೇಘನಾಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀಯಾ ತಾನೆ?

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಮನಸ್ಸಿನಲ್ಲೇ ಉಳಿದುಬಿಟ್ಟಿದೆ. ನೀನು ತರಬೇತಿಗೆ ಹೋಗುವ ಆಸ್ಪತ್ರೆಯ ವಾರ್ಡಿನಲ್ಲಿರುವ ಅಜ್ಜನ ಗಾಯ ಮೇಲೆ ಒಣಗುತ್ತಾ ಬಂದಿದೆ, ಆದರೂ ಹೊದಿಕೆ ತಾಗಿದರೆ ಸಾಕು, ಕೂಗಿಕೊಳ್ಳುತ್ತಾರೆ, ‘ಸುಮ್ನೆ ನಾಟಕ’ ಅಂತ ಅಲ್ಲಿ ಒಬ್ಬರು ಅಂದರು ಅಂದೆ. ನಗುತ್ತಲೇ ಹೇಳಿದೆ. ನೀನು ಹಾಗೆ ಅನ್ನಬೇಡಮ್ಮ, ಮನಸ್ಸಿನಲ್ಲೂ ಅಂದುಕೊಳ್ಳಬೇಡ. ಇಷ್ಟು ಕಾಲ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಯಾಕೆ ಅನ್ನಬಾರದು ಅಂತ ಕಾರಣ ಹೇಳದೆ ಬುದ್ಧಿ ಹೇಳುವುದು ನನಗೆ ಒಗ್ಗುವುದಿಲ್ಲ.

ಚರ್ಮದಲ್ಲಿ ಹರಡಿಕೊಂಡಿರುವ ನರದ ತುದಿಗಳಲ್ಲಿ ಒಂದು ಬಗೆಯವಕ್ಕೆ ಅಪಾಯ ಪತ್ತೆ ಮಾಡುವುದೇ ಕೆಲಸ. ಶೆರಿಂಗ್ಟನ್ ಎಂಬ ಬ್ರಿಟಿಷ್ ವಿಜ್ಞಾನಿ 1906ರಲ್ಲೇ ಇವನ್ನು ನೊಸಿಸೆಪ್ಟರ್ ಅಂತ ಕರೆದರು. ಆದರೆ ತುದಿಗೆ ಬಿಸಿ ತಗುಲಿದರೆ ಒಳಗೆ ಏನಾಗುತ್ತದೆ ಅನ್ನುವುದು ಬಹಳ ವರ್ಷ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಮೆಣಸಿನಕಾಯಿಯಿಂದ! 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ, ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನರಕೋಶದಲ್ಲಿ ಯಾವುದನ್ನು ಹಿಡಿದುಕೊಳ್ಳುತ್ತದೆ ಅಂತ ಹುಡುಕಿತು. ಸಿಕ್ಕಿದ್ದು ಟಿಆರ್‌ಪಿವಿ1 ಎಂಬ ಗ್ರಾಹಕ ಪ್ರೋಟೀನು, ಅಂದರೆ ನರಕೋಶದ ಗೋಡೆಯಲ್ಲಿ ಬಾಗಿಲಿನ ಹಾಗಿರುವ ಪ್ರೋಟೀನು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ಅದೇ ತೆರೆದುಕೊಳ್ಳುತ್ತದೆ. ತೆರೆದ ಕೂಡಲೇ ಸೋಡಿಯಂ, ಕ್ಯಾಲ್ಸಿಯಂ ಕೋಶದೊಳಗೆ ನುಗ್ಗುತ್ತವೆ, ವಿದ್ಯುತ್ ಸಂಕೇತ ಹೊರಡುತ್ತದೆ. ಖಾರ ತಿಂದಾಗ ‘ಬಾಯಿ ಸುಡ್ತಿದೆ’ ಅನ್ನುತ್ತೇವಲ್ಲ, ನರದ ಮಟ್ಟಿಗೆ ಅದು ಸುಡುವುದೇ. ಬಸ್ಸಾರು ಬಿಸಿಯಾಗಿದ್ದರೆ ಖಾರ ಜಾಸ್ತಿ ಅನಿಸುವುದೂ ಅದಕ್ಕೇ. ಒತ್ತಡ, ಸ್ಪರ್ಶಕ್ಕೆ ಬೇರೆ ಗ್ರಾಹಕಗಳಿವೆ. ಪೀಝೊ ಅಂತ ಹೆಸರು. 2010ರಲ್ಲಿ ಆರ್ಡೆಮ್ ಪಟಪೌಟಿಯನ್ ಅವರ ತಂಡ ಅವನ್ನು ಕಂಡುಹಿಡಿಯಿತು. ಇಬ್ಬರಿಗೂ ಸೇರಿ 2021ರ ನೊಬೆಲ್ ಬಂತು.

ಈಗ ಆ ಅಜ್ಜನ ವಿಷಯಕ್ಕೆ ಬರುತ್ತೇನೆ. 43 ಅನ್ನುವುದು ಕಲ್ಲಿನಲ್ಲಿ ಕೆತ್ತಿದ ಗೆರೆ ಅಲ್ಲ. ನಮ್ಮ ಬೀದಿಯಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಮನೆಗಳಲ್ಲಿ ಹೆಂಗಸರು ಕೆಲಸ ಮಾಡುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಬೆಂದ ಗೂಡಿನ ಬಿಸಿನೀರಿಗೆ ಬೆರಳು ಹಾಕಿ ಎಳೆಯ ತುದಿ ಹುಡುಕುತ್ತಾರೆ. ನೆನೆದು ನೆನೆದು ಬೆರಳು ಬೆಳ್ಳಗಾಗಿ, ಸಂದಿಯಲ್ಲಿ ಚರ್ಮ ಬಿರಿಯುತ್ತದೆ, ಕೆಂಪಗೆ ಊದಿಕೊಳ್ಳುತ್ತದೆ. ಆಮೇಲೆ, ನಿನ್ನೆಯವರೆಗೆ ತಡೆದುಕೊಂಡಿದ್ದ ಅದೇ ನೀರು ಕೆಂಡದ ಹಾಗೆ ಉರಿಯುತ್ತದೆ. ನೀರೇನೂ ಜಾಸ್ತಿ ಕಾದಿಲ್ಲ. ಗಾಯವಾದ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್, ಬ್ರಾಡಿಕೈನಿನ್ ಅನ್ನುವ ರಾಸಾಯನಿಕಗಳು ತುಂಬಿಕೊಂಡು, ಗ್ರಾಹಕ ತೆರೆಯುವ ಮಟ್ಟವನ್ನೇ ಕೆಳಗೆ ಇಳಿಸಿರುತ್ತವೆ. ಮಟ್ಟ ಎಷ್ಟು ಇಳಿಯಬಹುದು ಅಂದರೆ, ಮೈಯ ಸಹಜ 37 ಡಿಗ್ರಿಯೇ ಉರಿ ಅನಿಸಬಹುದು. ಐಬುಪ್ರೊಫೇನ್, ಆಸ್ಪಿರಿನ್ ಮಾತ್ರೆ ಮಾಡುವ ಕೆಲಸವೂ ಇಲ್ಲೇ. ಅವು ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತವೆ ಅಂತ 1971ರಲ್ಲಿ ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ ತೋರಿಸಿದರು.

ಇನ್ನೂ ಒಂದಿದೆ. ಚರ್ಮದಿಂದ ಸಂಕೇತ ದಿನಗಟ್ಟಲೆ ಬರುತ್ತಲೇ ಇದ್ದರೆ ಬೆನ್ನುಹುರಿಯಲ್ಲಿ ಅದನ್ನು ತೆಗೆದುಕೊಳ್ಳುವ ಕೋಶಗಳೂ ಸೂಕ್ಷ್ಮವಾಗಿಬಿಡುತ್ತವೆ. ಆಗ ಬರೀ ಸ್ಪರ್ಶದ ನರ ತಂದ ಸುದ್ದಿಯೂ ನೋವಿನ ದಾರಿ ಹಿಡಿಯುತ್ತದೆ. ಹೊದಿಕೆ ಸೋಕಿದರೆ ಕೂಗುವುದು ಹೀಗೆ. ಗಾಯ ಮೇಲೆ ಮಾಯ್ದಿರಬಹುದು, ಒಳಗಿನ ಕೋಶಗಳು ಇನ್ನೂ ಮೊದಲಿನ ಸ್ಥಿತಿಗೆ ಬಂದಿರುವುದಿಲ್ಲ. ಆ ಅಜ್ಜನಿಗೆ ಇದೇ ಆಗಿದೆಯೋ, ಕೀವು ಗೀವು ಕಟ್ಟಿದೆಯೋ, ಡಾಕ್ಟರು ನೋಡಿ ಹೇಳಬೇಕು. ಅದಕ್ಕೆ ನಿನ್ನ ಕೆಲಸ ಇಷ್ಟು: 0ಯಿಂದ 10ರವರೆಗಿನ ಅಳತೆಯಲ್ಲಿ ನೋವು ಎಷ್ಟು ಅಂತ ಕೇಳು, ಅವರು ಹೇಳಿದ್ದನ್ನೇ ಬರೆ. ನಿನಗೆ ಕಂಡಷ್ಟನ್ನು ಬರೆಯಬೇಡ. ಉರಿಯೋ, ಚುಚ್ಚೋ, ಸೆಳೆತವೋ ಅಂತಲೂ ಕೇಳು. ನಮ್ಮ ಕಡೆ ಅಜ್ಜಂದಿರು ‘ಜುಮುಜುಮು’ ಅಂತಾರೆ, ‘ಚುರುಚುರು’ ಅಂತಾರೆ. ಅದನ್ನೂ ಹಾಗೇ ಬರೆದುಕೊ. ನರದ ನೋವನ್ನು ಗುರುತಿಸಲು ಡಾಕ್ಟರಿಗೆ ಆ ಪದಗಳೇ ಬೇಕು.

ನೋವೇ ಇಲ್ಲ ಅನ್ನುವವರನ್ನು ಇನ್ನೂ ಜಾಸ್ತಿ ಹುಷಾರಾಗಿ ನೋಡಬೇಕು. ಪಾಕಿಸ್ತಾನದ ಉತ್ತರ ಭಾಗದ ಕೆಲವು ಕುಟುಂಬಗಳ ಮಕ್ಕಳಿಗೆ ಹುಟ್ಟಿನಿಂದಲೇ ನೋವು ಗೊತ್ತಾಗುತ್ತಿರಲಿಲ್ಲ. ನರದ ಸಂಕೇತ ಹೊರಡಿಸುವ ಒಂದು ಸೋಡಿಯಂ ದ್ವಾರ ಅವರಲ್ಲಿ ಕೆಲಸ ಮಾಡುತ್ತಿರಲಿಲ್ಲ ಅಂತ 2006ರಲ್ಲಿ ಗೊತ್ತಾಯಿತು. ಆ ಮಕ್ಕಳು ತಮ್ಮ ತುಟಿ, ನಾಲಿಗೆಯನ್ನೇ ಕಚ್ಚಿಕೊಂಡಿದ್ದರು, ಮೂಳೆ ಮುರಿದರೂ ತಿಳಿಯುತ್ತಿರಲಿಲ್ಲ. ಬೀದಿಯಲ್ಲಿ ಕೆಂಡದ ಮೇಲೆ ನಡೆದು ತೋರಿಸುತ್ತಿದ್ದ ಒಬ್ಬ ಹುಡುಗ ಮನೆಯ ಮಾಳಿಗೆಯಿಂದ ಹಾರಿ, 14 ತುಂಬುವ ಮುಂಚೆಯೇ ತೀರಿಕೊಂಡ. ಓದಿದಾಗ ಹೊಟ್ಟೆ ಉರಿಯಿತು.

ಅಂಥವರು ಅಪರೂಪ. ಆದರೆ ಶುಗರ್ ಇರುವವರು ಮನೆಗೊಬ್ಬರು ಅಲ್ವಾ? ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ನರದ ತುದಿಗಳು ಕೆಡುತ್ತವೆ. ಮೊದಲು ಕೆಡುವುದು ಪಾದದಲ್ಲಿ, ಯಾಕೆಂದರೆ ಅತಿ ಉದ್ದದ ನರಗಳು ಹೋಗಿ ಮುಟ್ಟುವುದು ಅಲ್ಲಿಗೇ. ಕೆಲವರಿಗೆ ಉರಿ, ಕೆಲವರಿಗೆ ಮರಗಟ್ಟುವುದು. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಗಾಯ ಕೊಳೆಯುವವರೆಗೂ ತಿಳಿಯುವುದಿಲ್ಲ.

ಶುಗರ್ ಇದ್ದೂ ನಿಮ್ಮಪ್ಪ ತೋಟಕ್ಕೆ ಈಗಲೂ ಬರಿಗಾಲಿನಲ್ಲೇ ಹೋಗುತ್ತಾನೆ. ಕೇಳಿದರೆ ‘ನನಗೇನೂ ನೋವಿಲ್ಲಕ್ಕ’ ಅಂತಾನೆ. ಆ ಉತ್ತರ ಕೇಳಿಯೇ ನನಗೆ ಭಯ. ಮುಂದಿನ ಸಲ ಊರಿಗೆ ಬಂದಾಗ ಅವನನ್ನು ಕೂರಿಸಿ, ಬೆರಳ ಸಂದಿ, ಹಿಮ್ಮಡಿ ಎಲ್ಲ ಬೆಳಕಿನಲ್ಲಿ ನೋಡು. ಪಾದ ಪರೀಕ್ಷಿಸಲು, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ನಿಮ್ಮ ಕಾಲೇಜಿನಲ್ಲಿ ಇರುತ್ತದೆ, ಹೇಗೆ ಹಿಡಿಯಬೇಕು ಅಂತ ನಿಮ್ಮ ಮೇಡಂ ಹತ್ತಿರ ಕಲಿತುಕೊಂಡು ಬಾ. ಕಣ್ಣು ಮುಚ್ಚಿಸಿ ಮುಟ್ಟು. ಗೊತ್ತಾಗಲಿಲ್ಲ ಅಂದರೆ ಅವತ್ತೇ ನನಗೆ ಫೋನ್ ಮಾಡು, ನಾನೇ ಜೊತೆಯಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ನನ್ನ ಮಾತು ಅವನು ಮೀರುವುದಿಲ್ಲ.

ಇತಿ,
ನಿನ್ನ ಅತ್ತೆ