ಬ್ಯಾಕ್ಟೀರಿಯಾ ನೇರ ಹೋಗುವುದಿಲ್ಲ ಸ್ವಾಮಿ

ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬ್ಯಾಕ್ಟೀರಿಯಾಗಳು ಆಹಾರದ ವಾಸನೆ ಹಿಡಿದು ನೇರ ಅದರ ಕಡೆಗೆ ಈಜುತ್ತವೆ ಅಂತ ಬಂದಿತ್ತು. ಆ 'ನೇರ' ತಪ್ಪು. ಇಷ್ಟಕ್ಕೆಲ್ಲ ಪತ್ರವಾ ಅನ್ನಬೇಡಿ, ಮಜಾ ಇರುವುದೇ ಅಲ್ಲಿ.

ನಾನು ಉಡುಪಿಯಲ್ಲಿ ಲ್ಯಾಬ್ ಕೆಲಸದವಳು. ಮಳೆಗಾಲ ಬಂತೆಂದರೆ ನಮ್ಮ ಟೇಬಲ್ ಮೇಲೆ ಬಾವಿ ನೀರಿನ ಬಾಟಲಿಗಳದ್ದೇ ಸಾಲು. ಅದರಿಂದ ಬೆಳೆಸಿದ ಇ. ಕೊಲೈ ಅನ್ನುವ ಕರುಳಿನ ಬ್ಯಾಕ್ಟೀರಿಯಾದ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಒಂದು ಸೆಕೆಂಡು ಸರ್ರನೆ ಓಡುತ್ತದೆ, ಗಕ್ಕನೆ ನಿಂತು ಲಾಗ ಹಾಕುತ್ತದೆ, ಆಮೇಲೆ ಯಾವುದೋ ದಿಕ್ಕಿಗೆ ಮತ್ತೆ ಓಟ. ಕಣ್ಣಿಗೆ ಬಟ್ಟೆ ಕಟ್ಟಿ ಗಿರಗಿರ ತಿರುಗಿಸಿ ಬಿಟ್ಟ ಮಗುವಿನ ಹಾಗೆ.

ಅದರ ಉದ್ದ ಬರೀ 2 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು. ಮುಂದುಗಡೆ ಎಷ್ಟು ಸಕ್ಕರೆ, ಹಿಂದುಗಡೆ ಎಷ್ಟು ಅಂತ ಅಳೆದು ನೋಡುವಷ್ಟು ಮೈಯೇ ಇಲ್ಲ. ಹಾಗಾಗಿ ಅದು ನೋಡುವುದು ಈಗ ಎಷ್ಟು, ಸ್ವಲ್ಪ ಮುಂಚೆ ಎಷ್ಟಿತ್ತು ಅಂತ. 1972ರಲ್ಲಿ ಮ್ಯಾಕ್‌ನಾಬ್ ಮತ್ತು ಕೋಶ್‌ಲ್ಯಾಂಡ್ ಅನ್ನುವ ವಿಜ್ಞಾನಿಗಳು ಇದನ್ನು ಚಂದ ತೋರಿಸಿದರು. ಸಾಲ್ಮೊನೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಇದ್ದ ದ್ರವಕ್ಕೆ, ಅದಕ್ಕೆ ಇಷ್ಟವಾದ ಸೆರೀನ್ ಅನ್ನುವ ಅಮೈನೋ ಆಮ್ಲವನ್ನು ಒಮ್ಮೆಲೇ ಬೆರೆಸಿದರು. ಎಲ್ಲ ಕಡೆಯೂ ಒಂದೇ ಸಮ, ಹುಡುಕಿಕೊಂಡು ಹೋಗಲು ದಿಕ್ಕೇ ಇಲ್ಲ. ಆದರೂ ಅವು ಸ್ವಲ್ಪ ಹೊತ್ತು ಲಾಗ ಹಾಕುವುದನ್ನೇ ಬಿಟ್ಟು ಈಜಿದವು! ಮುಂಚಿಗಿಂತ ಜಾಸ್ತಿಯಾಯ್ತಲ್ಲ, ಅವಕ್ಕೆ ಅಷ್ಟೇ ಸಾಕು.

ಇದನ್ನೆಲ್ಲ ತಿಳಿಯುವುದು ಕೋಶದ ಪೊರೆಯಲ್ಲಿ ಕೂತ ರಿಸೆಪ್ಟರ್ ಪ್ರೋಟೀನುಗಳು. (ನಿಮ್ಮವರು ಇದನ್ನು 'ಗ್ರಾಹಕ' ಮಾಡಿದ್ದಾರೆ. ನಮ್ಮ ಮನೆಯವರು ಓದಿ, ಬ್ಯಾಕ್ಟೀರಿಯಾಕ್ಕೂ ಗಿರಾಕಿಗಳಾ ಅಂತ ಕೇಳಿದರು.) ಇ. ಕೊಲೈಗೆ ಇಂಥವು 5 ಬಗೆ. ಟಿಎಸ್‌ಆರ್ ಸೆರೀನ್ ಹಿಡಿಯುತ್ತದೆ, ಟಾರ್ ಆಸ್ಪಾರ್ಟೇಟ್ ಅನ್ನುವ ಇನ್ನೊಂದು ಅಮೈನೋ ಆಮ್ಲ ಹಿಡಿಯುತ್ತದೆ. ಸಾವಿರಗಟ್ಟಲೆ ರಿಸೆಪ್ಟರುಗಳು ಹೆಚ್ಚಾಗಿ ಕೋಶದ ತುದಿಯಲ್ಲಿ ಜೇನುಗೂಡಿನ ಕಣ್ಣುಗಳಂತೆ ಒತ್ತಾಗಿ ಕೂತಿರುತ್ತವೆ.

ವಿಚಿತ್ರ ಏನೆಂದರೆ, ಇಷ್ಟದ ವಸ್ತು ಸಿಕ್ಕಾಗ ರಿಸೆಪ್ಟರ್ ಒಳಕ್ಕೆ ಸುದ್ದಿ ಕಳಿಸುವುದು ಕಡಿಮೆಯಾಗುತ್ತದೆ. ನಿಮ್ಮ ಈ ಅಂಕಣದ ಹಾಗೇ ಅಲ್ವಾ, ರಸ್ತೆ ಚೆನ್ನಾಗಿದ್ದರೆ ಯಾರೂ ಪತ್ರ ಬರೆಯುವುದಿಲ್ಲ, ಗುಂಡಿ ಬಿದ್ದರೆ ರಾಶಿ ರಾಶಿ ಬರುತ್ತವೆ. ಅಲ್ಲಿ ಪತ್ರ ಅಂದರೆ ಫಾಸ್ಫೇಟ್ ಅಂಟಿದ ಚೆವೈ ಅನ್ನುವ ಪ್ರೋಟೀನು. ಅದು ಹೋಗಿ ಬಾಲದ ಮೋಟಾರಿಗೆ ತಾಗಿದರೆ ಮೋಟಾರು ಉಲ್ಟಾ ತಿರುಗುತ್ತದೆ, ಒಂದೇ ಕಂತೆಯಾಗಿದ್ದ ಬಾಲಗಳು ಬಿಚ್ಚಿಕೊಳ್ಳುತ್ತವೆ, ಲಾಗ! ಪತ್ರ ಕಡಿಮೆಯಾದರೆ ಓಟ ಉದ್ದವಾಗುತ್ತದೆ. ಅಷ್ಟರಲ್ಲಿ ರಿಸೆಪ್ಟರಿಗೆ ಮೀಥೈಲ್ ಗುಂಪುಗಳು ಅನ್ನುವ ಪುಟ್ಟ ರಾಸಾಯನಿಕ ತುಣುಕುಗಳು ಅಂಟಿಯೋ ಕಳಚಿಯೋ ಅದು ಹೊಸ ಸ್ಥಿತಿಗೆ ಒಗ್ಗಿಕೊಳ್ಳುತ್ತದೆ, ನಾವು ಹಳೆ ಗುಂಡಿಗೆ ಒಗ್ಗಿಕೊಂಡ ಹಾಗೆ. ಆ ಬ್ಯಾಕ್ಟೀರಿಯಾಕ್ಕೆ ಇರುವ ನೆನಪೂ ಅದೇ, ಕೆಲವು ಸೆಕೆಂಡಿನದ್ದು.

ಇನ್ನೊಂದು, ಹಸಿವಿಗೂ ಇದಕ್ಕೂ ಸಂಬಂಧ ಕಟ್ಟಬೇಡಿ. 1969ರಲ್ಲಿ ವಿಜ್ಞಾನಿ ಜೂಲಿಯಸ್ ಆಡ್ಲರ್, ಗ್ಯಾಲಕ್ಟೋಸ್ ಅನ್ನುವ ಸಕ್ಕರೆಯನ್ನು ಅರಗಿಸಲಾಗದ ತಳಿಗಳೂ ಗ್ಯಾಲಕ್ಟೋಸ್ ಕಡೆಗೇ ಹೋಗುತ್ತವೆ ಅಂತ ತೋರಿಸಿದ್ದರು. ಶುಗರ್ ಇರುವ ನಮ್ಮ ಭಾವ ಹೋಳಿಗೆ ಬೇಯುವಾಗ ಅಡುಗೆಮನೆ ಬಾಗಿಲು ಬಿಟ್ಟು ಕದಲುವುದಿಲ್ಲ, ಹಾಗೆ.

ತಿದ್ದುಪಡಿ ಹಾಕುವುದಾದರೆ ಚಿತ್ರವನ್ನೂ ಬದಲಿಸಿ. ಬಾಣ ನೆಟ್ಟಗೆ ಹೋಗಿದೆ, ಅದನ್ನು ಅಂಕುಡೊಂಕು ಮಾಡಬೇಕು, ಸಕ್ಕರೆ ಕಡೆಗಿನ ಗೆರೆಗಳು ಮಾತ್ರ ಸ್ವಲ್ಪ ಉದ್ದ ಇರಲಿ.

– ಲ್ಯಾಬ್ ಟೆಕ್ನಿಷಿಯನ್, ಉಡುಪಿ