ರೀಲು ಉಳಿಸಿದರೆ ಛಾಯಾಗ್ರಹಣ ಕಲಿಯಲಾಗದು

ಮಾನ್ಯ ಸಂಪಾದಕರಿಗೆ,

ಫಿಲ್ಮ್ ಕ್ಯಾಮೆರಾ ಮತ್ತೆ ಯುವಜನರ ಕೈಗೆ ಬಂದಿರುವ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಲೇಖನಗಳು ಬರುತ್ತಿವೆ. ತಯಾರಿಕೆ ನಿಂತುಹೋಗಿದ್ದ ಎಕ್ಟಾಕ್ರೋಮ್ ಫಿಲ್ಮನ್ನು ಕೊಡ್ಯಾಕ್ 2018ರಲ್ಲಿ ಮರಳಿ ಮಾರುಕಟ್ಟೆಗೆ ತಂದದ್ದು, 2024ರಲ್ಲಿ ಪೆಂಟಾಕ್ಸ್ ಹೆಸರಿನಲ್ಲಿ ಹೊಚ್ಚ ಹೊಸ ಫಿಲ್ಮ್ ಕ್ಯಾಮೆರಾ ಬಿಡುಗಡೆಯಾದದ್ದು ಈ ಆಸಕ್ತಿ ಗಟ್ಟಿಯಾದದ್ದೆಂಬುದಕ್ಕೆ ಸಾಕ್ಷಿ. ಆದರೆ ಇಂಥ ಬರಹಗಳಲ್ಲಿ ತಪ್ಪದೆ ಕಾಣಿಸುವ ಒಂದು ಮಾತಿಗೆ ನನ್ನ ತಕರಾರಿದೆ. ಒಂದು ರೀಲಿನಲ್ಲಿ 36 ಚಿತ್ರಗಳಷ್ಟೇ ಇರುವುದರಿಂದ ಫಿಲ್ಮ್ ತಾನಾಗಿಯೇ ತಾಳ್ಮೆಯನ್ನೂ ನೋಡುವ ಕಣ್ಣನ್ನೂ ಕೊಡುತ್ತದೆ ಎನ್ನುವುದು ಆ ಮಾತು.

ಹೊಸಬರ ವಿಷಯದಲ್ಲಿ ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ರೀಲಿನ ಖರ್ಚಿಗೆ ಅಂಜಿ ಅವರು ಪ್ರವಾಸಕ್ಕೋ ಸಮಾರಂಭಕ್ಕೋ ಸೊಗಸಾದ ಸೂರ್ಯಾಸ್ತಕ್ಕೋ ಕಾಯುತ್ತ ಕೂರುತ್ತಾರೆ. ಅರ್ಧ ತೆಗೆದ ರೀಲು ತಿಂಗಳುಗಟ್ಟಲೆ ಕ್ಯಾಮೆರಾದೊಳಗೇ ಉಳಿಯುತ್ತದೆ. ಕೊನೆಗೆ ತೊಳೆಸಿ ತಂದಾಗ ಯಾವ ಚಿತ್ರವನ್ನು ಯಾವ ಬೆಳಕಿನಲ್ಲಿ, ಯಾವ ಶಟರ್ ವೇಗದಲ್ಲಿ (ಫಿಲ್ಮಿನ ಮೇಲೆ ಬೆಳಕು ಬೀಳುವ ಅವಧಿ) ತೆಗೆದೆವೆಂಬುದೇ ನೆನಪಿರುವುದಿಲ್ಲ. ಚಿತ್ರ ಕೆಟ್ಟಿದ್ದರೆ ಏಕೆ ಕೆಟ್ಟಿತೆಂದು ತಿಳಿಯದು, ಚೆನ್ನಾಗಿದ್ದರೆ ಅದು ಚೆನ್ನಾಗಿ ಬಂದದ್ದು ಹೇಗೆಂಬುದೂ ತಿಳಿಯದು. ಇದನ್ನು ತಾಳ್ಮೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ಕಲಿಯುವವರು ಮೊದಲ ಕೆಲವು ರೀಲುಗಳನ್ನು ದಿನವೂ ಕಣ್ಣಿಗೆ ಬೀಳುವ ಸಂಗತಿಗಳ ಮೇಲೆಯೇ ಧಾರಾಳವಾಗಿ ಖರ್ಚು ಮಾಡಬೇಕು. ಕಿಟಕಿಯ ಬಳಿ ಓದುತ್ತ ಕುಳಿತವರು, ತೊಳೆದು ಬೋರಲು ಹಾಕಿದ ಪಾತ್ರೆಗಳು, ಒಣಗಲು ಹಾಕಿದ ಬಟ್ಟೆಯ ಮೇಲಿನ ಬಿಸಿಲು, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು, ಇಷ್ಟೇ ಸಾಕು. ಇವುಗಳಲ್ಲಿ ಹೆಚ್ಚಿನವು ನಾಳೆಯೂ ಇದೇ ಜಾಗದಲ್ಲಿ ಸಿಗುತ್ತವೆ, ಹಾಗಾಗಿ ಇಂದಿನ ಚಿತ್ರವನ್ನು ಮುಂದಿನ ರೀಲಿನಲ್ಲಿ ತಿದ್ದಿ ತೆಗೆಯಬಹುದು. ಪ್ರವಾಸದ ಬೆಟ್ಟ ಆ ಅವಕಾಶ ಕೊಡುವುದಿಲ್ಲ. ಹಂಗೇರಿ ಮೂಲದ ಛಾಯಾಗ್ರಾಹಕ ಆಂದ್ರೆ ಕೆರ್ಟೆಸ್ 1952ರಿಂದ ನ್ಯೂಯಾರ್ಕಿನಲ್ಲಿ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನಕ್ಕೆ ಎದುರಾಗಿದ್ದ ಮನೆಯಲ್ಲಿ ವಾಸವಾಗಿದ್ದು, ಅಲ್ಲಿಂದ ಕಾಣುವ ಅದೇ ಮರಗಳನ್ನೂ ಹಾದಿಗಳನ್ನೂ ವರ್ಷಾನುಗಟ್ಟಲೆ ಚಿತ್ರಿಸಿದರು.

ನಿತ್ಯದ ಬೆಳಕು ನಮಗೆ ಪರಿಚಿತವೆಂಬ ಭ್ರಮೆಯೂ ಇದರಿಂದ ಕಳಚುತ್ತದೆ. 400 ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮವೆಂಬ ಅಳತೆ) ಫಿಲ್ಮಿಗೆ ಬಯಲಿನ ನಡುಹಗಲ ಬಿಸಿಲಿನಲ್ಲಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ; ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) ಎಫ್/16, ಶಟರ್ 1/500 ಸೆಕೆಂಡು ಸರಿಹೋದರೆ, ಮನೆಯೊಳಗೆ ಕಿಟಕಿಯ ಪಕ್ಕದಲ್ಲಿ ಎಫ್/2.8, 1/60 ಸೆಕೆಂಡಿನ ಆಸುಪಾಸು ಬೇಕಾಗಬಹುದು. ನಡುವಿನ ಅಂತರ ಎಂಟು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧವಾಗುವುದು), ಅಂದರೆ 256 ಪಟ್ಟು. ನಮ್ಮ ಕಣ್ಣು ಕ್ಷಣದಲ್ಲಿ ಹೊಂದಿಕೊಂಡು ಈ ವ್ಯತ್ಯಾಸವನ್ನು ಮರೆಮಾಚುತ್ತದೆ, ಫಿಲ್ಮ್ ಮರೆಮಾಚುವುದಿಲ್ಲ. ಇನ್ನು ಬೆಳಕನ್ನು ಅಳೆಯುವ ಲೈಟ್ ಮೀಟರ್ ತನ್ನೆದುರಿನದೆಲ್ಲವೂ ಕಪ್ಪು-ಬಿಳುಪಿನ ನಡುವಣ ಬೂದು ಎಂದೇ ಭಾವಿಸಿ ಲೆಕ್ಕ ಹೇಳುವ ಸಾಧನ. ಕಿಟಕಿಗೆ ಬೆನ್ನು ಹಾಕಿ ನಿಂತವರ ಮುಖ ಕಪ್ಪಾಗುವುದು, ಕಿಟಕಿಯ ಪ್ರಖರ ಬೆಳಕನ್ನೂ ಸೇರಿಸಿ ಅಳೆದ ಅದನ್ನು ಕಣ್ಮುಚ್ಚಿ ನಂಬಿದ್ದರಿಂದ. ಮುಖದ ಹತ್ತಿರ ಹೋಗಿ ಅಳತೆ ತೆಗೆದುಕೊಂಡು ಹಿಂದೆ ಬಂದು ಕ್ಲಿಕ್ಕಿಸುವ ಅಭ್ಯಾಸವನ್ನು ಮನೆಯವರಲ್ಲದೆ ಬೇರೆ ಯಾರು ಸಹಿಸಿಯಾರು?

ಆದರೆ ಕ್ಲಿಕ್ಕಿಸಿದಷ್ಟಕ್ಕೆ ಕಲಿಕೆ ಮುಗಿಯುವುದಿಲ್ಲ. ಕ್ಯಾಮೆರಾ ಚೀಲದಲ್ಲಿ ಸಣ್ಣ ಪುಸ್ತಕವೊಂದಿರಲಿ; ಚಿತ್ರದ ಸಂಖ್ಯೆ, ಅಪರ್ಚರ್, ಶಟರ್ ವೇಗ, ಬೆಳಕು ಬಂದ ದಿಕ್ಕು ಇಷ್ಟನ್ನು ಬರೆದಿಟ್ಟುಕೊಳ್ಳಲಿ. ಕೆಲವು ಕಾಲ ಒಂದೇ ಬಗೆಯ ಫಿಲ್ಮ್, ಒಂದೇ ಲೆನ್ಸ್ ಇರಲಿ, ಇಲ್ಲವಾದರೆ ಫಲಿತಾಂಶ ಬದಲಾದದ್ದು ಯಾವುದರಿಂದ ಎಂಬುದೇ ಗೊತ್ತಾಗದು. ಬೀದಿಯ ಬದುಕನ್ನು ಸೆರೆಹಿಡಿದ ಅಮೆರಿಕದ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ 1984ರಲ್ಲಿ ತೀರಿಕೊಂಡಾಗ ತೊಳೆಯದ 2,500ಕ್ಕೂ ಹೆಚ್ಚು ರೀಲುಗಳನ್ನು ಬಿಟ್ಟುಹೋಗಿದ್ದರು. ಪಳಗಿದ ಕೈಗೆ ಅದು ಸಲ್ಲಬಹುದೇನೋ. ಕಲಿಯುವವರು ಮಾತ್ರ ನೆನಪು ಮಾಸುವ ಮೊದಲೇ ರೀಲು ತೊಳೆಸಬೇಕು.

ತೊಳೆದು ಬಂದ ನೆಗೆಟಿವ್ (ಬೆಳಕಿದ್ದಲ್ಲಿ ಕಪ್ಪಾಗಿ, ನೆರಳಿದ್ದಲ್ಲಿ ತಿಳಿಯಾಗಿ ಕಾಣುವ ಫಿಲ್ಮ್ ಪಟ್ಟಿ) ಬಗ್ಗೆ ತುಸು ವಿಸ್ತಾರವಾಗಿಯೇ ಹೇಳಬೇಕಿದೆ, ಏಕೆಂದರೆ ಇಂದು ಬಹಳ ಮಂದಿ ಅದನ್ನು ನೋಡುವುದೇ ಇಲ್ಲ. ಲ್ಯಾಬಿನವರು ಕಳುಹಿಸಿದ ಸ್ಕ್ಯಾನ್ ಪ್ರತಿಯನ್ನು ಮೊಬೈಲಿನಲ್ಲಿ ನೋಡಿ ತೃಪ್ತರಾಗುತ್ತಾರೆ. ಸ್ಕ್ಯಾನ್ ಮಾಡುವಾಗ ಚಿತ್ರದ ಹೊಳಪು, ಬಣ್ಣಗಳನ್ನು ಸರಿಪಡಿಸುವುದು ವಾಡಿಕೆಯಾದ್ದರಿಂದ, ಬೆಳಕು ಒಂದು ಸ್ಟಾಪ್ ಹೆಚ್ಚಿದ್ದ ಚಿತ್ರಕ್ಕೂ ಸರಿಯಾಗಿದ್ದ ಚಿತ್ರಕ್ಕೂ ಅಲ್ಲಿ ವ್ಯತ್ಯಾಸವೇ ಕಾಣದಿರಬಹುದು. ನಿಜ ತಿಳಿಯಬೇಕಾದರೆ ನೆಗೆಟಿವನ್ನೇ ಬೆಳಕಿಗೆ ಹಿಡಿದು ನೋಡಬೇಕು. ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ನೆರಳಿನ ಭಾಗ ಯಾವ ಗೆರೆಯೂ ಇಲ್ಲದೆ ಗಾಜಿನಂತೆ ತಿಳಿಯಾಗಿದ್ದರೆ ಅಲ್ಲಿಗೆ ಬೆಳಕು ಸಾಲಲಿಲ್ಲವೆಂದೇ ಅರ್ಥ. ದಾಖಲಾಗದ ವಿವರವನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ನೆಗೆಟಿವಿನ ಚಿತ್ರ ತೆಳುವಾಗಿ, ಅಂದರೆ ಮಸುಕಾಗಿ ಕಂಡಾಗ, ಅಂಚಿನಲ್ಲಿ ತಯಾರಿಕೆಯಲ್ಲೇ ಬೆಳಕಿನಿಂದ ಮುದ್ರಿತವಾಗಿ ತೊಳೆದಾಗ ಮೂಡುವ ಫಿಲ್ಮಿನ ಹೆಸರು ಮತ್ತು ಸಂಖ್ಯೆಗಳನ್ನೂ ಗಮನಿಸಬೇಕು. ಅವು ಗಾಢವಾಗಿದ್ದರೆ ತೊಳೆದದ್ದು ಸರಿಯಾಗಿದೆ, ಕ್ಯಾಮೆರಾದಲ್ಲೇ ಬೆಳಕು ಕಡಿಮೆಯಾಗಿದೆ. ಅವೂ ಮಂಕಾಗಿದ್ದರೆ ಡೆವಲಪರ್ (ಚಿತ್ರ ಮೂಡಿಸುವ ರಾಸಾಯನಿಕ) ಹಳತಾಗಿತ್ತೋ, ತಣ್ಣಗಿತ್ತೋ, ಸಮಯ ಸಾಲದಾಯಿತೋ ಎಂದು ವಿಚಾರಿಸಬೇಕು. ಈ ಒಂದು ಪರೀಕ್ಷೆ ಗೊತ್ತಿದ್ದರೆ ಲ್ಯಾಬಿನವರನ್ನು ಸುಮ್ಮನೆ ದೂರುವ ಪ್ರಸಂಗಗಳು ಎಷ್ಟೋ ಕಡಿಮೆಯಾಗುತ್ತವೆ. ನೆಗೆಟಿವ್ ವಾಪಸು ಬೇಕೆಂದು ರೀಲು ಕೊಡುವಾಗಲೇ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು.

ಮನೆಯಾಚೆ ಅಪರಿಚಿತರ ಚಿತ್ರ ತೆಗೆಯುವಾಗ, ವಿಶೇಷವಾಗಿ ಮಕ್ಕಳ ವಿಷಯದಲ್ಲಿ, ಒಪ್ಪಿಗೆ ಕೇಳುವುದು ಸೌಜನ್ಯ. ತೆಗೆದ ಚಿತ್ರವನ್ನು ಅಲ್ಲೇ ತೋರಿಸಲು ಫಿಲ್ಮ್ ಕ್ಯಾಮೆರಾಕ್ಕೆ ಪರದೆ ಇಲ್ಲದಿರುವಾಗ ಇದು ಇನ್ನಷ್ಟು ಅಗತ್ಯ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಫಿಲ್ಮ್ ಕುರಿತ ಲೇಖನಗಳಲ್ಲಿ ಹಳೆಯ ಕಾಲದ ಸೊಬಗಿನ ವರ್ಣನೆಯ ಜೊತೆಗೆ ಅಭ್ಯಾಸಕ್ಕೆ ಬೇಕಾದ ಇಂಥ ವಿವರಗಳಿಗೂ ಜಾಗ ಕೊಡಬೇಕು. ಓದುಗರು ಕಳುಹಿಸುವ ಫಿಲ್ಮ್ ಛಾಯಾಚಿತ್ರಗಳನ್ನು ಪ್ರಕಟಿಸುವುದಾದರೆ, ಬಳಸಿದ ಫಿಲ್ಮ್, ಶಟರ್ ವೇಗ, ಅಪರ್ಚರ್ ಮತ್ತು ಬೆಳಕಿನ ದಿಕ್ಕನ್ನು ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ಮುದ್ರಿಸಬೇಕು. ಅಷ್ಟಿದ್ದರೆ ಇನ್ನೊಬ್ಬ ಓದುಗ ತನ್ನ ಮನೆಯ ಕಿಟಕಿಯ ಬಳಿ ಅದನ್ನು ಪ್ರಯೋಗಿಸಿ ನೋಡಲು ಸಾಧ್ಯವಾಗುತ್ತದೆ.

ಇಂತಿ,
ಒಬ್ಬ ಹವ್ಯಾಸಿ ಛಾಯಾಗ್ರಾಹಕ