ಕಿರುಕುಳವನ್ನು ಕೀಟಲೆ ಎನ್ನಬೇಡಿ

ಮಾನ್ಯರೇ,

ರಸ್ತೆಯಲ್ಲಿ, ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಕಾಟ ಕೊಡುವವರ ಸುದ್ದಿಗೆ ‘ಕೀಟಲೆ’, ‘ಚೇಷ್ಟೆ’ ಎಂಬ ಪದಗಳನ್ನು ಬಳಸುವುದನ್ನು ಪತ್ರಿಕೆಗಳು ನಿಲ್ಲಿಸಬೇಕು.

ಕನ್ನಡದಲ್ಲಿ ಇಂಥ ಪದಗಳಿಗೆ ಒಂದೊಂದು ತೂಕವಿದೆ. ತುಂಟತನದಲ್ಲಿ ಮುದ್ದು ಬೆರೆತಿರುತ್ತದೆ. ‘ತುಂಟ ಕೃಷ್ಣ’ ಎನ್ನುತ್ತೇವೆ, ‘ಪುಂಡ ಕೃಷ್ಣ’ ಎನ್ನುವುದಿಲ್ಲ. ತರಲೆಯಲ್ಲಿ ತಲೆನೋವು ಸ್ವಲ್ಪ ಜಾಸ್ತಿ. ಕಿತಾಪತಿಯಲ್ಲಿ ಒಳಗೊಳಗೇ ಹಾಕಿದ ಹಂಚಿಕೆ ಇರುತ್ತದೆ. ಪುಂಡಾಟಕ್ಕೆ ಬಂದರೆ ಮುದ್ದು ಪೂರ್ತಿ ಮಾಯ. ನಮ್ಮ ದಕ್ಷಿಣ ಕನ್ನಡದ ಕಡೆ ಮಕ್ಕಳ ತಂಟೆಗೆ ‘ಲೂಟಿ’ ಎನ್ನುತ್ತಾರೆ. ‘ಎಂಥ ಲೂಟಿ ಮಾರಾಯ್ರೆ ಈ ಮಗುವಿನದ್ದು!’ ಎಂದರೆ ಘಟ್ಟದ ಮೇಲಿನವರು ಬೆಚ್ಚಿಬೀಳಬಹುದು. ಇಲ್ಲಿ ಯಾರೂ ಪೊಲೀಸರನ್ನು ಕರೆಯುವುದಿಲ್ಲ.

ಕೀಟಲೆ ಎಂದ ಕೂಡಲೇ ಓದುಗರಿಗೆ ಅದು ಸುಮ್ನೆ ಹುಡುಗಾಟ ಅನ್ನಿಸುತ್ತದೆ, ಅಲ್ವಾ? ಆದರೆ ಹೆಣ್ಣುಮಗಳ ಬೆನ್ನುಬೀಳುವುದು, ಅಶ್ಲೀಲವಾಗಿ ಮಾತಾಡುವುದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 75 ಮತ್ತು 78ನೇ ಸೆಕ್ಷನ್‌ಗಳು ಇದಕ್ಕೆಂದೇ ಇವೆ. ಕಾಲೇಜಿನ ರ‍್ಯಾಗಿಂಗ್ ಕೂಡ ಹಾಗೆಯೇ. ಅದನ್ನು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲೇ ನಿಯಮ ತಂದಿದೆ. ಅದನ್ನೂ ‘ಹಿರಿಯ ವಿದ್ಯಾರ್ಥಿಗಳ ಚೇಷ್ಟೆ’ ಎಂದು ಬರೆದರೆ ಪೆಟ್ಟು ತಿಂದವನಿಗೆ ಹೇಗಾಗಬೇಡ?

ಸುದ್ದಿಮನೆಯಲ್ಲಿ ಪದಬಳಕೆಯ ಸಣ್ಣ ಪಟ್ಟಿಯೊಂದನ್ನು ಇಟ್ಟುಕೊಳ್ಳಿ. ದೂರು ದಾಖಲಾದ ಪ್ರಕರಣಗಳಿಗೆ ‘ಲೈಂಗಿಕ ಕಿರುಕುಳ’, ‘ಹಿಂಬಾಲಿಸಿ ಕಾಟ’, ‘ಹಲ್ಲೆ’ ಎಂದೇ ಬರೆಯಿರಿ. ಕೀಟಲೆ, ತುಂಟಾಟಗಳು ಮಕ್ಕಳ ಪುರವಣಿಗಿರಲಿ.

– ಓದುಗರೊಬ್ಬರು, ಪುತ್ತೂರು